ಇಪ್ಪತ್ತು ಫ್ರೇಮು ಮುಂದೆ

ಬೀರೂರು ಜಂಕ್ಷನ್ನಿನಲ್ಲಿ ಡಬ್ಬ ಅದಲುಬದಲಾಗಿ
ಭದ್ರಾವತಿಗೆ ಬರಬೇಕಿದ್ದ ತಮಿಳು ಪಿಕ್ಚರಿನ ಮೂರನೇ ರೀಲು
ಎಲ್ಲಿಗೋ ಹೋಯಿತು.
ಬಂದದ್ದು ಇದು:
ತುಕ್ಕು ಹಿಡಿದ ತಗಡು, ಮುಚ್ಚಳದ ಮೇಲೆ ಅರಬ್ಬಿ ಬರಹ,
ಬೊಂಬಾಯಿಯ ಯಾವುದೋ ಫಿಲ್ಮ್ ಸೊಸೈಟಿಯ ಮೊಹರು,
ಕೈರೋ ಎಂದು ಅರ್ಧ ಹರಿದ ಚೀಟಿ.

ಅವತ್ತು ಮೂರನೇ ರೀಲಿಲ್ಲದೆಯೇ ಆಟ ಮುಗಿಸಿದೆವು.
ಎರಡರಲ್ಲಿ ಕಾಲೇಜು ಹುಡುಗಿ, ನಾಲ್ಕರಲ್ಲಿ ಮಗುವಿನ ತಾಯಿ.
ಯಾರೂ ಕೇಳಲಿಲ್ಲ.
ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು.

ಜನ ಹೋದ ಮೇಲೆ ಆಪರೇಟರ್ ಅರುಳಪ್ಪ ಅಂದ:
'ಕಾರ್ಬನ್ ಕಡ್ಡಿ ಇನ್ನೂ ಬೆರಳುದ್ದ ಇದೆ. ಹಾಕೇ ಬಿಡೋಣ.'
ಕೆಳಗೆ ಗೇಟಿನ ಗಫಾರ್ ಸಾಬರು, ಸೋಡಾ ತಿಪ್ಪಯ್ಯ,
ಕಡಲೇಕಾಯಿ ಸಿಪ್ಪೆ ಗುಡಿಸುತ್ತಿದ್ದ ದಾನಮ್ಮ.
ಮೇಲೆ ಕಿಂಡಿಯಲ್ಲಿ ನಾನು.

ಮೊದಲು ದನಿಯೇ ಇಲ್ಲ.
ನದಿಗೆ ತೆರೆದ ಜಗಲಿ, ಸಾಲು ಪಿಟೀಲು,
ಬೋರಲು ಹಾಕಿದ ಲೋಟದಂಥ ಟೋಪಿಯ ಗಂಡಸರು,
ನಡುವೆ ಬಾಯಾಡಿಸುವ ಹೆಣ್ಣು.
ಗಫಾರ್ ಸಾಬರು ಎದ್ದು ನಿಂತರು:
'ಲೇ, ಬೋರ್ಡು ನೋಡ್ರೋ, ಅಕ್ಷರ ಉಲ್ಟಾ ನಡೀತಾವೆ!'

ಅರುಳಪ್ಪ ನಾಲಗೆ ಕಚ್ಚಿಕೊಂಡ. ಫಿಲ್ಮು ಮಗುಚಿ ಪೋಣಿಸಿದ.
ಅವಳ ಎಡಗೈಯ ಬೀಸಣಿಗೆ ಬಲಗೈಗೆ ಬಂತು,
ಜೊತೆಗೆ ದನಿ.

ಯಾ ಲೇಲ್, ಅಂದಳು.
'ಯಾಲಕ್ಕಿ ಅಂತಿದಾಳೆ,' ತಿಪ್ಪಯ್ಯ.
'ಹಂಗಾರೆ ನಮ್ಮ ಕಡೇಳೇ ಬಿಡು,' ದಾನಮ್ಮ.
ಸಾಬರು ನಗಲಿಲ್ಲ.
'ಲೈಲ್ ಅಂದ್ರೆ ರಾತ್ರಿ. ಅದೊಂದು ಗೊತ್ತು.
ಮಿಕ್ಕಿದ್ದು ಬರೆದು ಕೊಟ್ರೆ ಓದ್ತೀನಿ, ತಿಳಿಯೋದಿಲ್ಲ.
ಮದರಸಾ ಬಿಟ್ಟಾಗಿಂದ ಹಂಗೇ ಓದ್ತಿದೀನಿ.'

ಮತ್ತೆ ಅದೇ ಸಾಲು.
ನಮ್ಮ ಪಿಕ್ಚರಾಗಿದ್ದರೆ ಇಷ್ಟು ಹೊತ್ತಿಗೆ
ಐದು ಸೀರೆ, ಎರಡು ಜಲಪಾತ.
ಇವಳು ನಿಂತ ಕಡೆಯೇ ನಿಂತು
ಒಮ್ಮೆ ಸಂತೆಯಲ್ಲಿ ಬೆಲೆ ಕೇಳಿದ ಹಾಗೆ,
ಒಮ್ಮೆ ಕೇಳಿದ ಬೆಲೆಗೆ ಮುನಿದ ಹಾಗೆ,
ಐದನೇ ಸಲ ಮಾತೇ ಇಲ್ಲ, ಬರೀ ಗಂಟಲು.
ಏಳನೇ ಸಲಕ್ಕೆ ತೆರೆಯ ಮೇಲಿನ ದಪ್ಪ ಮನುಷ್ಯ
ಆಹ್ ಎಂದು ಟೋಪಿ ತೆಗೆದು ಮಂಡಿಯ ಮೇಲಿಟ್ಟ.
ಖಾಲಿ ಟಾಕೀಸಿನ ಮುಂಬೆಂಚಿನಲ್ಲಿ
ಗಫಾರ್ ಸಾಬರ ಟೋಪಿಯೂ ಮಂಡಿಯ ಮೇಲಿತ್ತು.
ದಾನಮ್ಮನ ಪೊರಕೆ ಯಾವಾಗಲೋ ನಿಂತಿತ್ತು.

ಎಂಟಾಯಿತು. ಉಸಿರೆಳೆದಳು.
ಒಂಬತ್ತನೆಯದಕ್ಕೆ ಬಾಯಿ ತೆರೆದಳು,
ರೀಲು ಮುಗಿಯಿತು.

ಬಿಳೀ ತೆರೆ. ಅವಳಿಲ್ಲ.
ಆದರೆ ಯಾ ಎಂಬ ದನಿ, ಒಂದು ಸೆಕೆಂಡಿಗೂ ಕಮ್ಮಿ,
ಖಾಲಿ ಬೆಳಕಿನಲ್ಲಿ ಬಂದು ಹೋಯಿತು.
ಅರುಳಪ್ಪ ಆಮೇಲೆ ಬಿಡಿಸಿ ಹೇಳಿದ:
ಫಿಲ್ಮಿನ ಅಂಚಿಗೆ ದನಿಯನ್ನು
ಚಿತ್ರಕ್ಕಿಂತ ಇಪ್ಪತ್ತು ಫ್ರೇಮು ಮುಂದೆ ಅಚ್ಚು ಹಾಕಿರ್ತಾರೆ.
ದೀಪದ ಮುಂದೆ ಮುಖ ದಾಟುತ್ತೆ,
ದನಿ ಓದೋ ಕಣ್ಣು ಅದಕ್ಕಿಂತ ಕೆಳಗೆ.
ಮುಖ ಮುಗಿದರೂ ದನಿ ಒಂದಿಷ್ಟು ಉಳಿದಿರುತ್ತೆ.

ದೀಪ ಆರಿಸಿದ.
ಕಾರ್ಖಾನೆಯಲ್ಲಿ ಆಗಲೇ ಕುದಿವ ಕಿಟ್ಟ ಸುರಿದಿರಬೇಕು,
ಗವಾಕ್ಷಿಯಿಂದ ಕೆಂಪು ಬಂದು ತೆರೆ ಸ್ವಲ್ಪ ನಾಚಿತು.
'ಆಮ್ಯಾಕೆ?' ಅಂದಳು ದಾನಮ್ಮ.

ಬೆಳಿಗ್ಗೆ ಏಳರ ಗಾಡಿಗೆ ಡಬ್ಬ ವಾಪಸು.
ಸುತ್ತಿ ಕಟ್ಟುವುದು ನನ್ನ ಕೆಲಸ, ಕತ್ತರಿಯೂ ನನ್ನ ಹತ್ತಿರವೇ.
ಬಾಲದಿಂದ ನಾಲ್ಕು ಫ್ರೇಮು.
ಸೆಕೆಂಡಿನ ಆರನೇ ಒಂದು ಪಾಲು.

ಟಾಕೀಸು ಈಗ ಟೈಲ್ಸಿನ ಗೋಡೌನು.
ಕನ್ನಡಕದ ಡಬ್ಬಿಯಿಂದ ತೆಗೆದು ಬಲ್ಬಿಗೆ ಹಿಡಿಯುತ್ತೇನೆ:
ತೆರೆದ ಬಾಯಿ, ನಾಲ್ಕು ಸಲ.
ಪಕ್ಕದಲ್ಲಿ ಗರಗಸದ ಹಲ್ಲಿನಂತೆ ದನಿ,
ಈ ಬಾಯಿಯದಲ್ಲ,
ಇದು ಹೋದ ಮೇಲೆ ಬಂದದ್ದು.

ಎಲ್ಲೋ, ಬೊಂಬಾಯಿಯಲ್ಲೋ ಕೈರೋದಲ್ಲೋ,
ಮೂರರಿಂದ ನಾಲ್ಕಕ್ಕೆ ರೀಲು ಬದಲಾಗುವಾಗ
ಅವಳ ಬೀಸಣಿಗೆ ಛಕ್ಕನೆ ಜಿಗಿಯುತ್ತದೆ,
ರಾಗ ಒಂದು ಮೆಟ್ಟಿಲು ತಪ್ಪುತ್ತದೆ,
ಆಪರೇಟರ್ ಒಬ್ಬ ಹಲ್ಲು ಕಡಿದು
ನನಗೆ ಏನೋ ಬೈಯುತ್ತಾನೆ.
ಗಫಾರ್ ಸಾಬರಿದ್ದಿದ್ದರೆ
ಅದನ್ನೂ ಓದಿ ಹೇಳುತ್ತಿದ್ದರು, ಅರ್ಥವಿಲ್ಲದೆ.